ಆಳು ಬೇಕು, ಮನುಷ್ಯ ಬೇಡ

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)

ಇವತ್ತಿನ ಮಾತಿಗೆ ನಾನು ಆರಿಸಿಕೊಂಡ ವಿಷಯವನ್ನು ಕೇಳಿ ನಮ್ಮ ಸಂಗಾತಿಯೊಬ್ಬರು ಮುಖ ಸಿಂಡರಿಸಿದರು. "ಮೇಷ್ಟ್ರೇ, ನಮ್ಮ ತುಟ್ಟಿಭತ್ಯದ ಲೆಕ್ಕವೇ ಇನ್ನೂ ಮುಗಿದಿಲ್ಲ. ನೀವು ಹತ್ತೊಂಬತ್ತನೆಯ ಶತಮಾನದ ಚೀನೀ ಕೂಲಿಗಳ ಕಥೆ ತೆಗೆಯುತ್ತೀರಲ್ಲ!" ಎಂದರು. ಅವರು ಕೇಳಿದ್ದು ಸರಿಯಾಗಿಯೇ ಇದೆ. ನಾನು ಕೊಟ್ಟ ಉತ್ತರ ಇಷ್ಟೆ: ಇದು ಚೀನೀಯರ ಕಥೆಗಿಂತ ಹೆಚ್ಚಾಗಿ ಅವರನ್ನು ತರಿಸಿಕೊಂಡ ಧಣಿಗಳ ಕಥೆ. ಧಣಿಗಳು ಆಳನ್ನು ಯಾವಾಗ ಹೊಗಳಿದರು, ಯಾವಾಗ ತೆಗಳಿದರು, ಎರಡರ ಹಿಂದೆಯೂ ಯಾವ ಲೆಕ್ಕವಿತ್ತು ಎಂಬುದು ತಿಳಿದರೆ ನಮ್ಮ ಲೆಕ್ಕವೂ ಸ್ವಲ್ಪ ಸ್ಪಷ್ಟವಾದೀತು.

ಒಂದು ಶಬ್ದದಿಂದ ಆರಂಭಿಸುತ್ತೇನೆ. ಕೂಲಿ. ನಮ್ಮ ಕನ್ನಡದಲ್ಲಿ, ಹಾಗೆಯೇ ತಮಿಳಿನಲ್ಲಿ, ಕೂಲಿ ಎಂದರೆ ದುಡಿತಕ್ಕೆ ಸಲ್ಲಬೇಕಾದ ಹಣ. ಅದನ್ನು ಕೇಳುವುದು ಹಕ್ಕು, ಕೊಡುವುದು ಧರ್ಮ. ಆದರೆ ಬಿಳಿಯ ವ್ಯಾಪಾರಿಗಳ ಬಾಯಲ್ಲಿ ಕೂಲಿ ಎಂದರೆ ಹಣವಲ್ಲ, ಮನುಷ್ಯ. "ಇನ್ನೂರು ಕೂಲಿ ಬೇಕು" ಎಂದು ಬರೆದು ಹಡಗಿನಲ್ಲಿ ತರಿಸುವ ಸರಕು. ಆ ಶಬ್ದದ ಹುಟ್ಟಿನ ಬಗ್ಗೆ ಪಂಡಿತರಲ್ಲಿ ಬೇರೆ ವಾದಗಳೂ ಇವೆ, ಅದು ಅವರಿಗಿರಲಿ. ಚೀನೀಯರು ಈ ಶಬ್ದವನ್ನು ತಮ್ಮ ಲಿಪಿಯಲ್ಲಿ ಬರೆಯಲು ಎರಡು ಅಕ್ಷರಗಳನ್ನು ಆರಿಸಿಕೊಂಡರು. ಒಂದರ ಅರ್ಥ ಕಹಿ, ಇನ್ನೊಂದರ ಅರ್ಥ ಬಲ. ಕಹಿಯಾದ ದುಡಿಮೆ ಎಂದು ಅವರು ತಿಳಿದುಕೊಂಡರು. ತಪ್ಪಾಗಿ ತಿಳಿದಿರಲಿಲ್ಲ.

ನಾನು ಶಾಲೆಯಲ್ಲಿ ಭೂಗೋಳ ಹೇಳುತ್ತಿದ್ದಾಗ "ಕ್ಯೂಬಾ, ಸಕ್ಕರೆ" ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದೆ. ಆ ಕಬ್ಬನ್ನು ಕಡಿದವರು ಯಾರು ಎಂದು ಯಾವ ಹುಡುಗನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ನನಗೇ ಗೊತ್ತಿರಲಿಲ್ಲ. ಅಂದು ಹೇಳದೆ ಉಳಿದ ಪಾಠವನ್ನು ಇಂದು ನಿಮ್ಮ ಮುಂದೆ ಹೇಳುತ್ತಿದ್ದೇನೆಂದು ತಿಳಿಯಿರಿ.

ಮೊದಲ ಹಂಚಿಕೆ

ಚೀನೀ ಆಳನ್ನು ಸಮುದ್ರದಾಚೆಗೆ ಸಾಗಿಸುವ ಹಂಚಿಕೆ ಹುಟ್ಟಿದ್ದು ಭಯದಿಂದ. ಕೆರಿಬಿಯನ್ ಸಮುದ್ರದ ಹೈಟಿ ದ್ವೀಪದಲ್ಲಿ ೧೭೯೧ರಲ್ಲಿ ಗುಲಾಮರು ದಂಗೆ ಎದ್ದರು. ಫ್ರೆಂಚ್ ಸೈನ್ಯವನ್ನು ಸೋಲಿಸಿ ೧೮೦೪ರಲ್ಲಿ ಸ್ವತಂತ್ರ ರಾಜ್ಯವನ್ನೇ ಕಟ್ಟಿದರು. ಸುತ್ತಲಿನ ದ್ವೀಪಗಳ ತೋಟದೊಡೆಯರಿಗೆ ನಿದ್ದೆ ಹಾರಿಹೋಯಿತು. ಆಗ, ೧೮೦೩ರಲ್ಲಿ, ಬ್ರಿಟಿಷ್ ಸರ್ಕಾರದ ಕಚೇರಿಯಿಂದ ಈಸ್ಟ್ ಇಂಡಿಯಾ ಕಂಪನಿಗೆ ಒಂದು ಗುಪ್ತ ಟಿಪ್ಪಣಿ ಹೋಯಿತು. ಅದರ ಸಾರ ಹೀಗೆ: ಟ್ರಿನಿಡಾಡ್ ದ್ವೀಪಕ್ಕೆ ಚೀನೀಯರನ್ನು ತರಿಸೋಣ. ಅವರ ನಡೆನುಡಿ ಬೇರೆ. ಆದ್ದರಿಂದ ಆಫ್ರಿಕದ ಗುಲಾಮರೊಡನೆ ಬೆರೆಯಲಾರರು. ತಮ್ಮ ಹಿತಕ್ಕಾಗಿ ಅವರು ಬಿಳಿಯ ಒಡೆಯರಿಗೇ ಅಂಟಿಕೊಂಡಿರುತ್ತಾರೆ.

ಇಲ್ಲಿ ಒಂದು ಅಂಶವನ್ನು ಲಕ್ಷ್ಯದಲ್ಲಿಡಬೇಕು. ಒಬ್ಬ ಚೀನೀಯನೂ ಹಡಗು ಹತ್ತುವ ಮೊದಲೇ ಅವನ ಸ್ಥಾನ ಗೊತ್ತಾಗಿತ್ತು. ಅವನು ಕಬ್ಬು ಕಡಿಯುವುದಕ್ಕಷ್ಟೇ ಅಲ್ಲ, ಗೋಡೆಯಾಗುವುದಕ್ಕೂ ಬೇಕಾಗಿದ್ದ. ಧಣಿಗೂ ಗುಲಾಮನಿಗೂ ನಡುವೆ ನಿಲ್ಲಿಸುವ ಜೀವಂತ ಗೋಡೆ! ೧೮೦೬ರಲ್ಲಿ 'ಫಾರ್ಟಿಟ್ಯೂಡ್' ಎಂಬ ಹಡಗು ೧೯೨ ಮಂದಿ ಚೀನೀಯರನ್ನು ಟ್ರಿನಿಡಾಡಿನಲ್ಲಿ ಇಳಿಸಿತು. ಕೆಲವೇ ವರ್ಷಗಳಲ್ಲಿ ಅವರಲ್ಲಿ ಹೆಚ್ಚಿನವರು ತೋಟ ಬಿಟ್ಟು ಹೋದರು. ಮೊದಲ ಪ್ರಯೋಗ ಕೆಟ್ಟಿತು. ಹಂಚಿಕೆ ಮಾತ್ರ ಕೆಡಲಿಲ್ಲ.

ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾದಾಗ ಸರ್ಕಾರ ಎರಡು ಕೋಟಿ ಪೌಂಡು ಪರಿಹಾರ ಕೊಟ್ಟಿತು. ಯಾರಿಗೆ? ಗುಲಾಮರಿಗಲ್ಲ, ಗುಲಾಮರನ್ನು 'ಕಳೆದುಕೊಂಡ' ಒಡೆಯರಿಗೆ! ಅಂಥ ಒಡೆಯರಲ್ಲೊಬ್ಬನಾದ ಜಾನ್ ಗ್ಲಾಡ್‌ಸ್ಟನ್, ಮುಂದೆ ಇಂಗ್ಲೆಂಡಿನ ಪ್ರಧಾನಿಯಾದವನ ತಂದೆ, ಕಲ್ಕತ್ತೆಯ ವ್ಯಾಪಾರಿ ಸಂಸ್ಥೆಗೆ ಪತ್ರ ಬರೆದು ಆಳುಗಳನ್ನು ಕೇಳಿದ. ೧೮೩೮ರಲ್ಲಿ ನಮ್ಮ ದೇಶದ ಜನ ಎರಡು ಹಡಗುಗಳಲ್ಲಿ ಬ್ರಿಟಿಷ್ ಗಯಾನಾ ಮುಟ್ಟಿದರು. ೧೮೫೩ರಲ್ಲಿ ಅದೇ ಗಯಾನಾಕ್ಕೆ ಚೀನೀಯರೂ ಬಂದರು. ಎರಡು ದೇಶದ ಬಡವರು ಒಂದೇ ಕಬ್ಬಿನ ಗದ್ದೆಯಲ್ಲಿ, ಒಂದೇ ಬಗೆಯ ಕರಾರಿನಲ್ಲಿ ನಿಂತರು.

ಕ್ಯೂಬಾದ ಕರಾರು

ಈಗ ಕ್ಯೂಬಾಕ್ಕೆ ಬರೋಣ. ಅದು ಸ್ಪೇನ್ ದೇಶದ ವಸಾಹತು. ಅಲ್ಲಿ ಗುಲಾಮಗಿರಿ ೧೮೮೬ರವರೆಗೂ ಇತ್ತು. ಆದರೆ ಆಫ್ರಿಕದಿಂದ ಹೊಸ ಗುಲಾಮರನ್ನು ತರುವುದು ಒಪ್ಪಂದದ ಪ್ರಕಾರ ನಿಷಿದ್ಧ. ಇಂಗ್ಲೆಂಡಿನ ನೌಕೆಗಳು ಕಾವಲಿದ್ದವು, ಕದ್ದು ತರಬೇಕಾಗಿತ್ತು, ಬೆಲೆ ಏರಿತ್ತು. ಸಕ್ಕರೆಗೆ ಬೇಡಿಕೆಯಂತೂ ಏರುತ್ತಲೇ ಇತ್ತು. ೧೮೪೭ರ ಜೂನ್ ತಿಂಗಳಲ್ಲಿ ಚೀನೀಯರನ್ನು ಹೊತ್ತ ಮೊದಲ ಹಡಗು ಹವಾನಾ ಬಂದರಿಗೆ ಬಂದಿತು. ಅಂದಿನಿಂದ ೧೮೭೪ರವರೆಗೆ ಚೀನದ ಕರಾವಳಿಯಿಂದ, ಮುಖ್ಯವಾಗಿ ಮಕಾವ್ ಬಂದರಿನಿಂದ, ಕ್ಯೂಬಾಕ್ಕೆ ಸುಮಾರು ೧,೪೧,೦೦೦ ಮಂದಿ ಹೊರಟರು. ಇಳಿದವರು ಸುಮಾರು ೧,೨೫,೦೦೦. ಉಳಿದವರು ದಾರಿಯಲ್ಲೇ ಸಮುದ್ರದ ಪಾಲಾದರು.

ಕರಾರು ಎಂಟು ವರ್ಷದ್ದು. ತಿಂಗಳಿಗೆ ನಾಲ್ಕು ಪೆಸೊ ಸಂಬಳ. ಅದರಲ್ಲೊಂದು ವಾಕ್ಯವಿತ್ತು. ಈ ದ್ವೀಪದಲ್ಲಿ ಸ್ವತಂತ್ರ ಆಳುಗಳೂ ಗುಲಾಮರೂ ಇದಕ್ಕಿಂತ ಹೆಚ್ಚು ಗಳಿಸುತ್ತಾರೆಂಬುದು ನನಗೆ ಗೊತ್ತಿದೆ, ಆದರೂ ಬೇರೆ ಅನುಕೂಲಗಳಿಂದ ಅದು ಸರಿದೂಗುತ್ತದೆಂದು ನಾನು ಒಪ್ಪಿದ್ದೇನೆ ಎಂಬುದು ಅದರ ತಾತ್ಪರ್ಯ. ಬಂಧುಗಳೇ, ಇದನ್ನು ಬರೆದ ಬುದ್ಧಿಯನ್ನು ನೋಡಿ. ನಾಳೆ ಈ ಬಡವನು "ನನಗೇಕೆ ಕಡಿಮೆ?" ಎಂದು ಕೇಳಿಯಾನು ಎಂಬುದು ಧಣಿಗೆ ಮೊದಲೇ ಗೊತ್ತಿತ್ತು. ಅವನ ಬಾಯನ್ನು ಅವನ ಹೆಬ್ಬೆಟ್ಟಿನಿಂದಲೇ ಮುಚ್ಚಿಸಿದರು.

ಹವಾನಾದಲ್ಲಿ ಮಾರಾಟವಾಗುತ್ತಿದ್ದುದು ಮನುಷ್ಯನಲ್ಲ, ಅವನ ಕರಾರು ಎಂದು ಕಾನೂನು ಹೇಳುತ್ತಿತ್ತು. ಆದರೆ ಕೊಳ್ಳುವವರು ಕಾಗದವನ್ನು ಮುಟ್ಟಿ ನೋಡುತ್ತಿರಲಿಲ್ಲ. ಆಳಿನ ಬಟ್ಟೆ ಬಿಚ್ಚಿಸಿ ಮೈ ಮುಟ್ಟಿ ನೋಡುತ್ತಿದ್ದರು. ಎಂಟು ವರ್ಷ ಮುಗಿದರೆ ಬಿಡುಗಡೆ ಎಂದು ಕರಾರು ಹೇಳುತ್ತಿತ್ತು. ೧೮೬೦ರ ಸರ್ಕಾರಿ ನಿಯಮವು, ಅನಂತರ ಬಂದವರಿಗೆ, ಅವಧಿ ಮುಗಿದ ಎರಡು ತಿಂಗಳೊಳಗೆ ಹೊಸ ಕರಾರಿಗೆ ಕೈಹಾಕು, ಇಲ್ಲವೆ ಸ್ವಂತ ಖರ್ಚಿನಲ್ಲಿ ದ್ವೀಪ ಬಿಟ್ಟು ಹೋಗು ಎಂದಿತು. ತಿಂಗಳಿಗೆ ನಾಲ್ಕು ಪೆಸೊ ಪಡೆಯುವವನು ಚೀನಕ್ಕೆ ಹಡಗಿನ ಬಾಡಿಗೆ ಎಲ್ಲಿಂದ ತರಬೇಕು?

ಕ್ಯೂಬಾದ ದೊಡ್ಡವರ ಅಭಿಪ್ರಾಯ ಎರಡು ತೆರನಾಗಿತ್ತು. ಸಕ್ಕರೆ ತೋಟದೊಡೆಯರು ಚೀನೀಯ ಚುರುಕು, ಯಂತ್ರದ ಕೆಲಸ ಬೇಗ ಕಲಿಯುತ್ತಾನೆ, ಎಂದು ಹೊಗಳಿದರು. ಇನ್ನೊಂದು ಕಡೆ ಹೊಸೆ ಅಂತೋನಿಯೊ ಸಾಕೊ ಎಂಬ ಖ್ಯಾತ ವಿದ್ವಾಂಸ. ಗುಲಾಮ ವ್ಯಾಪಾರವನ್ನು ಖಂಡಿಸಿ ದೇಶ ಬಿಡಬೇಕಾಗಿ ಬಂದವನು. ಆತ ಚೀನೀಯರನ್ನು ತರಿಸುವುದನ್ನೂ ವಿರೋಧಿಸಿದ. ಕೇಳಲು ಒಳ್ಳೆಯದೆನ್ನಿಸುತ್ತದೆ. ಆದರೆ ಕಾರಣವೇನು? ಆತನಿಗೆ ಕ್ಯೂಬಾ ಬಿಳಿಯರ ನಾಡಾಗಬೇಕಿತ್ತು. ಇನ್ನೊಂದು ಬಣ್ಣ ಬಂದು ಸೇರುವುದು ಬೇಕಿರಲಿಲ್ಲ. ಒಬ್ಬನಿಗೆ ಆಳು ಬೇಕು, ಮನುಷ್ಯ ಬೇಡ. ಇನ್ನೊಬ್ಬನಿಗೆ ಎರಡೂ ಬೇಡ. ಈ ವಾದದಲ್ಲಿ ಚೀನೀಯನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಕೇಳಿದ್ದು ೧೮೭೪ರಲ್ಲಿ. ಚೀನ ಸರ್ಕಾರ ಚೆನ್ ಲಾನ್‌ಬಿನ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಒಂದು ಆಯೋಗವನ್ನು ಕ್ಯೂಬಾಕ್ಕೆ ಕಳಿಸಿತು. ಅವರು ತೋಟಗಳಿಗೂ ಸೆರೆಮನೆಗಳಿಗೂ ಹೋಗಿ ೧,೧೭೬ ಮಂದಿಯ ಹೇಳಿಕೆ ಬರೆದುಕೊಂಡರು. ೧,೬೬೫ ಜನ ಸಹಿ ಮಾಡಿದ ೮೫ ಅರ್ಜಿಗಳನ್ನು ಸ್ವೀಕರಿಸಿದರು. ಹತ್ತರಲ್ಲಿ ಎಂಟೊಂಬತ್ತು ಮಂದಿ ತಮ್ಮ ಇಚ್ಛೆಗೆ ವಿರುದ್ಧವಾಗಿ ಬಂದವರೆಂದು ವರದಿ ಹೇಳಿತು. ಕೆಲವರನ್ನು ಹಿಡಿದೊಯ್ದಿದ್ದರು, ಕೆಲವರಿಗೆ ಕೆಲಸ ಕೊಡಿಸುವುದಾಗಿ ಸುಳ್ಳು ಹೇಳಿದ್ದರು, ಕೆಲವರು ಜೂಜಿನ ಸಾಲಕ್ಕೆ ಸಿಕ್ಕಿದ್ದರು. 'ಸ್ವಇಚ್ಛೆಯ ಕರಾರು' ಎಂದು ಕಾಲು ಶತಮಾನ ಹೇಳಿಕೊಂಡು ಬಂದದ್ದರ ನಿಜ ಸ್ಥಿತಿ ಇದು. ೧೮೭೭ರ ಒಪ್ಪಂದದೊಡನೆ ಕ್ಯೂಬಾದ ಈ ವ್ಯಾಪಾರ ಕೊನೆಗಂಡಿತು.

ಇನ್ನೊಂದು ಮಾತು. ಗುಲಾಮರೊಡನೆ ಬೆರೆಯಲಾರರು ಎಂದಿದ್ದರಲ್ಲ? ೧೮೬೮ರಲ್ಲಿ ಕ್ಯೂಬಾ ಸ್ವಾತಂತ್ರ್ಯಕ್ಕಾಗಿ ಎದ್ದಾಗ ಚೀನೀಯರು ತೋಟಗಳಿಂದ ಓಡಿ ಬಂದು ಆಫ್ರಿಕದ ಗುಲಾಮರ ಪಕ್ಕದಲ್ಲಿ ನಿಂತು ಕಾದಾಡಿದರು. ಅವರಲ್ಲಿ ಒಬ್ಬನೂ ದ್ರೋಹಿಯಾಗಲಿಲ್ಲವೆಂದು ಹವಾನಾ ನಗರದ ಸ್ಮಾರಕದ ಮೇಲೆ ಕೆತ್ತಿದ್ದಾರೆ.

ಒಂದೇ ಬಾಯಿ, ಎರಡು ಮಾತು

ಕ್ಯೂಬಾ ಗುಲಾಮಗಿರಿಯ ನಾಡು, ಅಲ್ಲಿ ಹಾಗಾಯಿತು, ಸ್ವತಂತ್ರ ದೇಶದಲ್ಲಿ ಹಾಗಾಗದು ಎಂದು ಯಾರಾದರೂ ಹೇಳಬಹುದು. ಆದ್ದರಿಂದ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋಗೋಣ. ಅಲ್ಲಿಗೆ ಬಂದ ಚೀನೀಯರು ಎಂಟು ವರ್ಷದ ಕರಾರಿನವರಲ್ಲ. ಹೆಚ್ಚಿನವರು ಹಡಗಿನ ಬಾಡಿಗೆಗೆ ಸಾಲ ಮಾಡಿ ಬಂದು, ದುಡಿದು ತೀರಿಸುತ್ತಿದ್ದವರು. ಮೇಸ್ತ್ರಿಯ ಕೈಕೆಳಗೆ ತಂಡವಾಗಿ ದುಡಿಯುತ್ತಿದ್ದವರು.

ಲೀಲೆಂಡ್ ಸ್ಟ್ಯಾನ್‌ಫರ್ಡ್ ಎಂಬ ಶ್ರೀಮಂತ ವ್ಯಾಪಾರಿ ೧೮೬೨ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಆದ. ಅಧಿಕಾರ ಸ್ವೀಕಾರದ ಭಾಷಣದಲ್ಲಿ ಅವನು ಚೀನೀಯರನ್ನು ಕೀಳು ಜನಾಂಗವೆಂದು ಕರೆದು, ಅವರು ಬಂದು ನೆಲೆಸುವುದನ್ನು ತಡೆಯಬೇಕೆಂದ. ಇದೇ ಮನುಷ್ಯ ಸೆಂಟ್ರಲ್ ಪೆಸಿಫಿಕ್ ರೈಲ್ವೆ ಕಂಪನಿಯ ಅಧ್ಯಕ್ಷನೂ ಹೌದು. ಬೆಟ್ಟ ಒಡೆದು ಹಳಿ ಹಾಸಲು ಬೇಕಾದಷ್ಟು ಬಿಳಿಯ ಆಳು ಸಿಕ್ಕಲಿಲ್ಲ. ೧೮೬೫ರಲ್ಲಿ ಚೀನೀಯರನ್ನು ಕೆಲಸಕ್ಕೆ ಹಚ್ಚಿದರು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಅಮೆರಿಕದ ಅಧ್ಯಕ್ಷರಿಗೆ ಬರೆದ ವರದಿಯಲ್ಲಿ ಚೀನೀಯರು ಶಾಂತರು, ತಾಳ್ಮೆಯವರು, ಶ್ರಮಜೀವಿಗಳು, ಮಿತವ್ಯಯಿಗಳು ಎಂದು ಹಾಡಿ ಹೊಗಳಿದ. ಮೂರು ವರ್ಷದಲ್ಲಿ ಚೀನೀಯ ಬದಲಾಗಿರಲಿಲ್ಲ. ಧಣಿಯ ಗರಜು ಬದಲಾಗಿತ್ತು!

ಹತ್ತು ಸಾವಿರಕ್ಕೂ ಮಿಕ್ಕಿ ಚೀನೀಯರು ಸಿಯೆರಾ ನೆವಾಡಾ ಪರ್ವತದ ಹಿಮದಲ್ಲಿ, ಕರಿಗಲ್ಲಿನಲ್ಲಿ ಸುರಂಗ ಕೊರೆದರು. ಬಿಳಿಯ ಆಳಿಗೆ ಸಂಬಳದ ಜೊತೆಗೆ ಊಟವೂ ಕಂಪನಿಯದು. ಚೀನೀಯನ ಊಟ ಅವನ ಸಂಬಳದಿಂದಲೇ. ೧೮೬೭ರ ಜೂನ್ ತಿಂಗಳಲ್ಲಿ ಸಾವಿರಾರು ಚೀನೀಯರು ಒಟ್ಟಿಗೆ ಸನಿಕೆ ಕೆಳಗಿಟ್ಟರು. ತಿಂಗಳಿಗೆ ೪೦ ಡಾಲರ್ ಸಂಬಳ, ಸುರಂಗದೊಳಗೆ ದುಡಿಯುವವರಿಗೆ ೮ ಗಂಟೆಯ ದಿನ, ಇವು ಅವರ ಬೇಡಿಕೆ. ಗಲಾಟೆಯಿಲ್ಲ, ಹೊಡೆದಾಟವಿಲ್ಲ. ಶಾಂತರು ಎಂದು ಹೊಗಳಿದ್ದ ಕಂಪನಿ ಏನು ಮಾಡಿತು? ಬೆಟ್ಟದ ಮೇಲಿನ ಬಿಡಾರಗಳಿಗೆ ಹೋಗುವ ದಿನಸಿಯನ್ನು ನಿಲ್ಲಿಸಿತು. ನಿರ್ಮಾಣದ ಮುಖ್ಯಸ್ಥ ಚಾರ್ಲ್ಸ್ ಕ್ರಾಕರ್ ತಾನು ಹಾಗೆ ಮಾಡಿದೆನೆಂದು ಮುಂದೆ ಸಂಸತ್ತಿನ ಸಮಿತಿಯ ಮುಂದೆ ತಾನೇ ಹೇಳಿಕೊಂಡ. ಸುಮಾರು ಒಂದು ವಾರದಲ್ಲಿ ಹಸಿವು ಮುಷ್ಕರವನ್ನು ಮುರಿಯಿತು.

ಆ ಮುಷ್ಕರದ ದಿನಗಳಲ್ಲಿ ಕಂಪನಿಯ ಪಾಲುದಾರ ಮಾರ್ಕ್ ಹಾಪ್ಕಿನ್ಸ್ ಇನ್ನೊಬ್ಬ ಪಾಲುದಾರನಿಗೆ ಒಂದು ಪತ್ರ ಬರೆದ. ಐರಿಷ್ ಕೂಲಿಗಳನ್ನು ಸುಮ್ಮನಿರಿಸಲು ಚೀನೀಯರು ಉಪಯೋಗಕ್ಕೆ ಬಂದಂತೆ, ಚೀನೀಯರನ್ನು ಹದ್ದಿನಲ್ಲಿಡಲು ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರನ್ನು ತಂದರೆ ಆದೀತು ಎಂಬುದು ಅದರ ಭಾವ. ೧೮೦೩ರ ಗುಪ್ತ ಟಿಪ್ಪಣಿಯಲ್ಲಿ ಕರಿಯರನ್ನು ತಡೆಯಲು ಚೀನೀಯ ಬೇಕಾಗಿದ್ದ. ೧೮೬೭ರ ಪತ್ರದಲ್ಲಿ ಚೀನೀಯನನ್ನು ತಡೆಯಲು ಕರಿಯ ಬೇಕಾದ. ಗೋಡೆಯ ಇಟ್ಟಿಗೆಗಳು ಅದಲುಬದಲಾದವು. ಗೋಡೆ ಕಟ್ಟುವವನು ಮಾತ್ರ ಅವನೇ.

ಇದೇ ಆಟ ದೇಶದ ಬೇರೆ ಮೂಲೆಗಳಲ್ಲೂ ನಡೆಯಿತು. ೧೮೬೯ರ ಜುಲೈನಲ್ಲಿ ಅಮೆರಿಕದ ದಕ್ಷಿಣದ ಮೆಂಫಿಸ್ ನಗರದಲ್ಲಿ ಹತ್ತಿ ತೋಟದೊಡೆಯರು ಚೀನೀ ಆಳುಗಳನ್ನು ತರಿಸಲು ಸಮ್ಮೇಳನವನ್ನೇ ನಡೆಸಿದರು. ಬಿಡುಗಡೆಯಾದ ಗುಲಾಮ ಈಗ ಸಂಬಳ ಕೇಳುತ್ತಾನೆ, ಮತ ಹಾಕುತ್ತಾನೆ, ಅವನಿಗೆ ಬುದ್ಧಿ ಕಲಿಸಬೇಕು ಎಂಬುದು ಅವರ ಉದ್ದೇಶ. ಬಂದ ಚೀನೀಯರು ಕರಾರಿನಲ್ಲಿ ಬರೆದುದನ್ನೇ ಕೊಡಿ ಎಂದು ಪಟ್ಟು ಹಿಡಿದರು. ಕೊಡದ ತೋಟಗಳನ್ನು ಬಿಟ್ಟು ನಡೆದರು. ವಿಧೇಯ ಎಂದು ತರಿಸಿದವನನ್ನು ಒಡೆಯರು ಹಟಮಾರಿ ಎಂದು ಬೈದರು.

ಮರುವರ್ಷ, ೧೮೭೦ರ ಜೂನಿನಲ್ಲಿ, ಉತ್ತರದ ನಾರ್ತ್ ಆಡಮ್ಸ್ ಎಂಬ ಊರಿನ ಜೋಡು ಕಾರ್ಖಾನೆಯ ಮಾಲೀಕ ಕ್ಯಾಲ್ವಿನ್ ಸ್ಯಾಂಪ್ಸನ್, ಸಂಘದ ಕಾರ್ಮಿಕರನ್ನು ಮುರಿಯಲು ೭೫ ಚೀನೀಯರನ್ನು ಮೂರು ವರ್ಷದ ಕರಾರಿನ ಮೇಲೆ ಕರೆತಂದ. ಜೋಡು ಕಾರ್ಮಿಕರ ಸಂಘ ಆ ಚೀನೀಯರನ್ನು ತನ್ನೊಳಗೆ ಸೇರಿಸಿಕೊಳ್ಳಲು ಒಮ್ಮೆ ಯತ್ನಿಸಿತು. ಅದು ಕೂಡಿಬರಲಿಲ್ಲ. ಕೆಲವೇ ತಿಂಗಳಲ್ಲಿ ನೆರೆಯ ಕಾರ್ಖಾನೆಗಳ ಬಿಳಿಯ ಕಾರ್ಮಿಕರು ಸಂಬಳದ ಕಡಿತವನ್ನು ಒಪ್ಪಿ ಕೆಲಸಕ್ಕೆ ಮರಳಿದರು. ಸ್ಯಾಂಪ್ಸನ್ನನಿಗೆ ಬೇಕಾಗಿದ್ದುದು ಚೀನೀಯನ ಕೌಶಲವಲ್ಲ, ಈ ಕಡಿತ.

ಕೂಲಿ ಅಂಗಡಿ ಇಟ್ಟಾಗ

ಇಲ್ಲಿ ಕುಳಿತಿರುವ ವ್ಯಾಪಾರಿ ಬಂಧುಗಳಿಗೂ ಒಂದು ಮಾತಿದೆ. ಕೂಲಿ ಮಾಡಿದ ಚೀನೀಯ ನಾಲ್ಕು ಕಾಸು ಉಳಿಸಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟ. ಆಗ ೧೮೮೦ರಲ್ಲಿ ನಗರ ಮಂಡಳಿ ಒಂದು ನಿಯಮ ಮಾಡಿತು: ಮರದ ಕಟ್ಟಡದಲ್ಲಿ ಇಂಥ ಅಂಗಡಿ ನಡೆಸಲು ಮಂಡಳಿಯ ಪರವಾನಗಿ ಬೇಕು. ಬೆಂಕಿಯ ಭಯವೆಂಬ ನೆಪ. ನಗರದಲ್ಲಿದ್ದ ಸುಮಾರು ೩೨೦ ಇಂಥ ಅಂಗಡಿಗಳಲ್ಲಿ ೩೧೦ ಮರದವೇ. ಅರ್ಜಿ ಹಾಕಿದ ಇನ್ನೂರು ಚೀನೀಯರಿಗೆ ಪರವಾನಗಿ ಸಿಕ್ಕಲಿಲ್ಲ. ಉಳಿದವರಲ್ಲಿ ಒಬ್ಬರಿಗೆ ಬಿಟ್ಟು ಎಲ್ಲರಿಗೂ ಸಿಕ್ಕಿತು. ಒಬ್ಬ ಅಂಗಡಿಕಾರ ಸೆರೆಮನೆಗೆ ಹೋದರೂ ಬಿಡದೆ ನ್ಯಾಯಾಲಯ ಹತ್ತಿದ. ೧೮೮೬ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಟ್ಟಿತು. ನಿಯಮದ ಅಕ್ಷರ ಎಷ್ಟೇ ನ್ಯಾಯವಾಗಿ ಕಂಡರೂ, ನಡೆಸುವ ಕೈ ಭೇದ ಮಾಡಿದರೆ ಅದು ಅನ್ಯಾಯವೇ ಎಂಬುದು ಆ ತೀರ್ಪಿನ ಸಾರ. ಪರವಾನಗಿಗಾಗಿ ಕಚೇರಿಯ ಮೆಟ್ಟಿಲು ಸವೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮವರ ತಪ್ಪು

ಇಷ್ಟು ಹೊತ್ತು ಧಣಿಗಳ ಮಾತಾಯಿತು. ಈಗ ಕಾರ್ಮಿಕರ ಮಾತು. ಅದನ್ನು ಮುಚ್ಚಿಟ್ಟರೆ ನಾನು ನಿಮಗೆ ಮೋಸ ಮಾಡಿದಂತೆ.

ಕ್ಯಾಲಿಫೋರ್ನಿಯಾದಲ್ಲಿ ೧೮೭೭ರಲ್ಲಿ ಕಾರ್ಮಿಕರ ಹೆಸರಿನಲ್ಲೇ ಒಂದು ಪಕ್ಷ ಎದ್ದಿತು. ಅದರ ನಾಯಕ ಡೆನಿಸ್ ಕಿಯರ್ನಿ ರೈಲ್ವೆ ಧಣಿಗಳನ್ನು ಬೈದ. ಆದರೆ ಸಭೆಯ ಕೊನೆಗೆ ಪ್ರತಿ ಸಾರಿಯೂ ಚೀನೀಯರು ತೊಲಗಲಿ ಎಂದ. ೧೮೮೨ರಲ್ಲಿ ಚೀನೀ ಕಾರ್ಮಿಕರು ಬರಕೂಡದೆಂಬ ಕಾನೂನು ಆಯಿತು. ಅದು ರದ್ದಾದದ್ದು ೧೯೪೩ರಲ್ಲಿ. ರೈಲ್ವೆ ಧಣಿಗಳ ಒಂದು ಕಾಸೂ ಅದರಿಂದ ಕಡಿಮೆಯಾಗಲಿಲ್ಲ.

ವಯೋಮಿಂಗ್ ಪ್ರಾಂತದ ರಾಕ್ ಸ್ಪ್ರಿಂಗ್ಸ್ ಕಲ್ಲಿದ್ದಲ ಗಣಿಗೆ ರೈಲ್ವೆ ಕಂಪನಿ ೧೮೭೫ರಲ್ಲಿ ಮುಷ್ಕರ ಮುರಿಯಲು ಚೀನೀಯರನ್ನು ತಂದಿತ್ತು. ಹತ್ತು ವರ್ಷ ಹೊಗೆಯಾಡಿತು. ೧೮೮೫ರ ಸೆಪ್ಟೆಂಬರ್ ೨ರಂದು ಬಿಳಿಯ ಗಣಿ ಕಾರ್ಮಿಕರು ಬಂದೂಕು ಹಿಡಿದು ಚೀನೀಯರ ಕೇರಿಗೆ ನುಗ್ಗಿದರು. ೨೮ ಮಂದಿಯನ್ನು ಕೊಂದರು, ಮನೆಗಳನ್ನು ಸುಟ್ಟರು. ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಲಾಭ ಯಾರಿಗಾಯಿತು? ಕೆಲವೇ ದಿನಗಳಲ್ಲಿ ಕಂಪನಿ ಸೈನ್ಯದ ಕಾವಲಿನಲ್ಲಿ ಚೀನೀಯರನ್ನು ಮತ್ತೆ ಗಣಿಗೆ ಇಳಿಸಿತು. ಕೊಂದವರ ಸಂಬಳವೂ ಏರಲಿಲ್ಲ, ಸತ್ತವರೂ ಬರಲಿಲ್ಲ. ಇಪ್ಪತ್ತೆರಡು ವರ್ಷಗಳ ತರುವಾಯ, ೧೯೦೭ರಲ್ಲಿ, ಅದೇ ರಾಕ್ ಸ್ಪ್ರಿಂಗ್ಸ್‌ನಲ್ಲಿ ಗಣಿ ಕಾರ್ಮಿಕರ ಸಂಘ ಚೀನೀ ಮತ್ತು ಜಪಾನೀ ಕಾರ್ಮಿಕರನ್ನು ಸದಸ್ಯರನ್ನಾಗಿ ಸೇರಿಸಿಕೊಂಡಿತು. ಮೊದಲೇ ಮಾಡಬಹುದಾಗಿದ್ದ ಕೆಲಸ. ೨೮ ಹೆಣಗಳನ್ನು ದಾಟಿ ಅಲ್ಲಿಗೆ ಮುಟ್ಟಬೇಕಾಯಿತು.

ಇದು ಪರದೇಶದ ಮಾತು ಮಾತ್ರವೆಂದು ತಿಳಿಯಬೇಡಿ. ಅದೇ ಕಾಲದಲ್ಲಿ ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೆ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳು ತರುತ್ತಿದ್ದರು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಸೆರೆಮನೆಗೆ ಕಳಿಸುವ ಕಾನೂನನ್ನು ೧೮೫೯ರಲ್ಲಿ ಬ್ರಿಟಿಷ್ ಸರ್ಕಾರ ಮಾಡಿತು. ಅದು ರದ್ದಾದದ್ದು ೧೯೨೫ರಲ್ಲಿ. ಒಪ್ಪಂದ ಮುರಿದ ಧಣಿಗೆ ಅಂಥ ಸೆರೆಮನೆ ಇರಲಿಲ್ಲ.

ಕೊನೆಗೆ ನನ್ನ ಸ್ವಂತ ನಾಚಿಕೆಯ ಸಂಗತಿಯೊಂದನ್ನು ಹೇಳಿ ಮುಗಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಗಿರಣಿಯ ಮುಷ್ಕರದಲ್ಲಿ ನಾನು ಗೇಟಿನ ಮುಂದೆ ಇದ್ದೆ. ಎಂಟನೆಯ ದಿನ ಬೆಳಗ್ಗೆ ಲಾರಿಯಲ್ಲಿ ಹೊಸ ಆಳುಗಳನ್ನು ತಂದು ಇಳಿಸಿದರು. ನಮ್ಮವರು ಕಲ್ಲು ತೂರಿದರು. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ನನ್ನ ಬಾಯಲ್ಲೂ "ದ್ರೋಹಿಗಳು" ಎಂಬ ಮಾತೇ ಇತ್ತು. ಒಬ್ಬ ಮುದುಕನ ಹಣೆ ಒಡೆಯಿತು. ಅವನನ್ನು ಪಕ್ಕಕ್ಕೆ ಕೂಡಿಸಿ ನೀರು ಕೊಡುವಾಗ ಅವನ ಮಾತಿನ ಧಾಟಿ ಕೇಳಿದೆ. ನನ್ನದೇ ತಾಲ್ಲೂಕಿನವನು. ಮಳೆಯಿಲ್ಲದ ಊರು. "ರಸ್ತೆ ಕೆಲಸ ಅಂತ ಕರಕೊಂಡು ಬಂದರು ಸ್ವಾಮಿ. ಇಲ್ಲಿ ಜಗಳ ಐತಿ ಅಂತ ಯಾರೂ ಹೇಳಲಿಲ್ಲ" ಎಂದ. ಹವಾನಾದಲ್ಲಿ ಆಯೋಗದ ಮುಂದೆ ನಿಂತ ಚೀನೀಯರ ಹೇಳಿಕೆಗಳ ವಿಷಯವನ್ನು ಓದಿದಾಗ ನನಗೆ ಆ ಮುದುಕನ ಹಣೆಯೇ ಕಣ್ಣಿಗೆ ಬಂದಿತು.

ಆದ್ದರಿಂದ ನಾನು ಕೇಳಿಕೊಳ್ಳುವುದು ದೊಡ್ಡ ಸಿದ್ಧಾಂತವನ್ನಲ್ಲ. ನಾಳೆ ನಮ್ಮ ಗೇಟಿನ ಮುಂದೆ ಗುತ್ತಿಗೆದಾರನ ಆಳು ಬಂದು ನಿಂತಾಗ, ಅವನು ಪರಊರಿನವನಿರಲಿ, ಪರಭಾಷೆಯವನಿರಲಿ, ಕಲ್ಲು ಹುಡುಕುವ ಮೊದಲು ಅವನ ಬಳಿಗೆ ಹೋಗಿ. ಯಾರು ಕರೆತಂದರು, ಎಷ್ಟು ಮುಂಗಡ ಕೊಟ್ಟರು, ಯಾವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿದರು, ಎಂದು ಕೇಳಿ ಬರೆದುಕೊಳ್ಳಿ. ಅವನ ಸಂಬಳವನ್ನೂ ನಮ್ಮ ಬೇಡಿಕೆಯ ಪಟ್ಟಿಯಲ್ಲಿ ಸೇರಿಸಿ. ಅವನ ಕೂಲಿ ಏರಿದ ದಿನ ಅವನನ್ನು ನಮ್ಮ ಮೇಲೆ ಛೂ ಬಿಡುವುದರಿಂದ ಧಣಿಗೆ ಲಾಭವಿಲ್ಲ. ಧಣಿ ಅವನನ್ನು ಹೊಗಳಿದರೆ ನಂಬಬೇಡಿ, ತೆಗಳಿದರೂ ನಂಬಬೇಡಿ. ಎರಡೂ ಒಂದೇ ಲೆಕ್ಕದ ಪುಸ್ತಕದಿಂದ ಬಂದ ಮಾತುಗಳು.

ಕೂಲಿ ಎಂಬ ಶಬ್ದ ನಮ್ಮ ನಾಡಿನದು. ಅದರ ಅರ್ಥ ಮನುಷ್ಯನಲ್ಲ, ಮನುಷ್ಯನಿಗೆ ಸಲ್ಲಬೇಕಾದದ್ದು. ಆ ಅರ್ಥವನ್ನು ಉಳಿಸಿಕೊಳ್ಳುವುದು ನಮ್ಮ ಕೆಲಸ.